ಮೀನುಗಳ ಕತ್ತಲು

ಹೈದರಾಬಾದಿನ ನಾಚಾರಂ ಹತ್ತಿರದ ನಮ್ಮ ಪ್ರಯೋಗಾಲಯದಲ್ಲಿ ಮೀನುಗಳಿಗೆ ಬೆಳಗಾಗುವುದು ಎಂಟು ಗಂಟೆಗೆ. ಕಿಟಕಿಯಿಲ್ಲದ ಕೋಣೆ, ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೆ ಮೊದಲು ಯಾರೂ ಬೆಳಕು ಮಾಡಬಾರದು. ಮಿದುಳಿನಲ್ಲಿರುವ ಡೋಪಮೈನ್ ಎಂಬ ರಾಸಾಯನಿಕ ಕಣ್ಣಿನೊಳಗೂ ಇದೆ. ಬೆಳಕಿಗೆ ಅದು ಏರಿ ಕಣ್ಣನ್ನು ಹಗಲಿಗೆ ಹೊಂದಿಸುತ್ತದೆ. ಅದನ್ನು ಔಷಧಿಯಿಂದ ತಗ್ಗಿಸಿದರೆ ಮೀನಿಗೆ ಎಷ್ಟು ಕಾಣುತ್ತದೆ ಎಂಬುದೇ ನನ್ನ ಪಿಎಚ್‌ಡಿ ವಿಷಯ.

ಕಣ್ಣು ಸರಿಯಿರುವ ಮೀನು ತೊಟ್ಟಿಯ ಪಕ್ಕದ ಪರದೆಯ ಮೇಲೆ ಓಡುವ ಪಟ್ಟೆಗಳ ಹಿಂದೆ ಈಜುತ್ತದೆ. ಮಾರ್ಚ್‌ನಲ್ಲಿ, ಔಷಧಿ ಹಾಕದ ಮೀನುಗಳೂ ದಿಕ್ಕು ತಪ್ಪತೊಡಗಿದವು. ಕತ್ತಲ ಹೊತ್ತಿನಲ್ಲಿ ಯಾರೋ ಬೆಳಕು ಮಾಡುತ್ತಿದ್ದಾರೆ ಎಂದರು ನಮ್ಮ ಮಾರ್ಗದರ್ಶಕ ಸೂರ್ಯಕಾಂತ ಸರ್. ಕೀಲಿ ಇದ್ದದ್ದು ಇಬ್ಬರ ಬಳಿ: ನನ್ನ ಬಳಿ, ಮತ್ತು ತೊಟ್ಟಿ ತೊಳೆಯುವ ರಾಯಚೂರು ಕಡೆಯ ಬಂಡೆಮ್ಮನ ಬಳಿ. ನಾನು ಸ್ವಿಚ್ ಮುಟ್ಟಿಲ್ಲ ಎಂದೆ. ಅದು ನಿಜ. ಬಂಡೆಮ್ಮ ಬೇಗ ಬರುತ್ತಾಳೆ ಎಂದೂ ಸೇರಿಸಿದೆ. ಅದೂ ನಿಜ. ಮರುದಿನವೇ ಅವಳನ್ನು ಕೆಲಸದಿಂದ ಬಿಡಿಸಿದರು.

ಮೀನುಗಳು ಸರಿಹೋಗಲಿಲ್ಲ. ಒಂದು ಮುಂಜಾನೆ ಆರಕ್ಕೆ, ಎಂದಿನಂತೆ, ಎಷ್ಟು ಸತ್ತಿವೆಯೋ ಎಂಬ ಆತಂಕದಲ್ಲಿ ಫೋನಿನ ಟಾರ್ಚ್ ಹಿಡಿದು ತೊಟ್ಟಿಯಿಂದ ತೊಟ್ಟಿಗೆ ಹೋಗುತ್ತಿದ್ದೆ. ಮೀನೊಂದು ಬೆಚ್ಚಿ ತಿರುಗಿತು. ನನ್ನ ಕೈಯಲ್ಲಿದ್ದದ್ದೂ ಬೆಳಕೇ ಎಂದು ಆಗ ಹೊಳೆಯಿತು. ಹತ್ತು ದಿನ ಆ ಹೊತ್ತಿಗೆ ಹೋಗಲಿಲ್ಲ. ಮೀನುಗಳು ಪಟ್ಟೆಗಳ ಹಿಂದೆ ನೇರವಾಗಿ ಈಜಿದವು.

ಬಂಡೆಮ್ಮ ಕೊಂಡಾಪುರದಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ್ದಾಳೆಂದು ಕಾವಲುಗಾರ ಹೇಳಿದ. ಹುಡುಕಿಕೊಂಡು ಹೋದೆ. ಇಟ್ಟಿಗೆ ಇಳಿಸಿ ಕುಳಿತು ನೀರು ಕುಡಿಯುತ್ತಿದ್ದಳು, ಅಂಗೈಗಳು ಒಡೆದಿದ್ದವು. ತಪ್ಪು ನನ್ನದೆಂದು ಒಂದೇ ಉಸಿರಿಗೆ ಹೇಳಿದೆ.

"ದಿನಾ ನೋಡತಿದ್ದೆ ಬಿಡ್ರಿ, ಬಾಗಿಲ ಸಂದ್ಯಾಗ ನಿಮ್ಮ ಬೆಳಕ," ಎಂದಳು.

ಮತ್ತೆ ಯಾಕೆ ಸರ್‌ಗೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಓದಿದಾಕಿ. ಓದಿದೋರು ಮಾಡೂದು ಹಂಗ ಇರತೈತಿ ಅಂದ್ಕೊಂಡೆ." ನಕ್ಕಳು. "ಮೀನಿಗಿ ಕಣ್ಣ ಕಾಣವಲ್ದು ಅಂತ ಕೆಲಸ ಹೋಗಿದ್ದು ಹೈದರಾಬಾದಿನಾಗ ನನ್ನ ಒಬ್ಬಾಕಿದಽ ಇರಬೇಕು."

ನನಗೆ ನಗು ಬರಲಿಲ್ಲ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಸರ್‌ಗೆ ಹೇಳೀರೇನ್ರಿ ಇದನ್ನ?"

ಪ್ರಬಂಧ ಮುಂದಿನ ವಾರ ಸಲ್ಲಿಸಬೇಕಿತ್ತು. ಮಾರ್ಚ್‌ನ ಅಂಕಿಗಳೆಲ್ಲ ಅದರಲ್ಲಿದ್ದವು, ಹೇಳಿದರೆ ಅವನ್ನೆಲ್ಲ ಕೈಬಿಡಬೇಕಿತ್ತು. ಇನ್ನೂ ಇಲ್ಲ ಎಂದೆ.

"ಹಂಗಾರ ಇಲ್ಲಿಗ್ಯಾಕ ಬಂದ್ರಿ ಅಕ್ಕಾರ? ನನಗ ಗೊತ್ತಽ ಇತ್ತಲ್ಲ."

ಮೇಸ್ತ್ರಿ ತೆಲುಗಿನಲ್ಲಿ ಕೂಗಿದ. ಅವಳು ತಲೆಯ ಮೇಲಿನ ಸಿಂಬಿ ಸರಿಮಾಡಿಕೊಂಡು ಇಟ್ಟಿಗೆಗಳ ಕಡೆ ನಡೆದಳು.