ಮದ್ರಾಸಿಗೆ ಬರೆದ ಅರ್ಜಿ

೧೯೭೩ರ ಜನವರಿಗೆ ಆದೆಮ್ಮ ಸಿಂಧನೂರಿನ ಸರ್ಕಾರಿ ಆಸ್ಪತ್ರೆಗೆ ಡಾಕ್ಟರಾಗಿ ಬಂದು ಎರಡು ವರ್ಷವಾಗಿತ್ತು. ಮದ್ರಾಸಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ನರರೋಗದ ವಿಭಾಗ ತೆರೆದಿದ್ದಾರೆ, ತರಬೇತಿಗೆ ಇಬ್ಬರೇ ಇಬ್ಬರನ್ನು ತೆಗೆದುಕೊಳ್ಳುತ್ತಾರೆ ಎಂದು ಹುಬ್ಬಳ್ಳಿಯಲ್ಲಿ ಜೊತೆಗೆ ಓದಿದ ಗೆಳತಿ ಕಾಗದ ಬರೆದಿದ್ದಳು. ಆದೆಮ್ಮ ಅರ್ಜಿ ತರಿಸಿಕೊಂಡಳು. ನೀವೇ ಚಿಕಿತ್ಸೆ ಮಾಡಿದ ಒಂದು ಮಗುವಿನ ವಿವರ ಬರೆಯಿರಿ ಎಂದು ಅದರ ಕೊನೆಯ ಹಾಳೆಯಲ್ಲಿತ್ತು.

ಯಾವ ಮಗು ಎಂದು ಅವಳು ಯೋಚಿಸಬೇಕಾಗಲಿಲ್ಲ. ವಳಕಮದಿನ್ನಿಯ ಗ್ಯಾನಮ್ಮ, ಒಂಬತ್ತು ವರ್ಷದವಳು. ಮೊದಲ ಸಲ ಬಂದಾಗ ದಿನಕ್ಕೆ ನಾಲ್ಕೈದು ಸಲ ಮೂರ್ಛೆ ಬರುತ್ತಿತ್ತು. ಹಣೆಯ ಮೇಲೆ ಬರೆ ಹಾಕಿದ ಗುರುತಿತ್ತು. ಮಾತ್ರೆಯ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ವಾರ ವಾರ ನೋಡುತ್ತ, ಆದೆಮ್ಮ ಮೂರ್ಛೆಯನ್ನು ತಿಂಗಳಿಗೆ ಒಂದಕ್ಕೆ ಇಳಿಸಿದ್ದಳು. ಹುಡುಗಿಯನ್ನು ಕರೆತರುತ್ತಿದ್ದ ಜಂಬಮ್ಮ ಗದ್ದೆ ಕೂಲಿಯವಳು. ಬೇರೆ ಡಾಕ್ಟರಿದ್ದ ದಿನ ತೋರಿಸದೆಯೇ ಹಿಂದಿರುಗಿಬಿಡುತ್ತಿದ್ದಳು. ಹುಟ್ಟುವಾಗ ಉಸಿರುಕಟ್ಟಿದ ಕೂಸಿಗೆ ಮುಂದೆ ಮೂರ್ಛೆ ಬರುವುದುಂಟು; ಅದನ್ನು ವಿಚಾರಿಸುವಾಗ ಮಾತ್ರ ಆದೆಮ್ಮನಿಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು.

"ಹೆರಿಗಿ ಎಷ್ಟೊತ್ತು ಆತು? ಕೂಸು ಹುಟ್ಟಿದ ಕೂಡ್ಲೆ ಅತ್ತಿತ್ತೇನು?"

"ಗೊತ್ತಿಲ್ರಿ ಅಮ್ಮಾರ."

"ಹಡದಾಕಿ ನೀನ. ಗೊತ್ತಿಲ್ಲಂದ್ರ ಹೆಂಗ?"

ಕೊನೆಗೆ ಆದೆಮ್ಮ ಅರ್ಜಿಯಲ್ಲಿ, 'ತಾಯಿ ತಿಳಿವಳಿಕೆ ಇಲ್ಲದವಳು, ಹೆರಿಗೆಯ ವಿವರ ಸಿಗಲಿಲ್ಲ' ಎಂದು ಬರೆದಳು.

ಭಾನುವಾರ ಅದನ್ನು ಹಿಡಿದು ಮಸ್ಕಿಗೆ ಹೋದಳು. ತಂದೆ ಮೈಲಾರಲಿಂಗಪ್ಪ ಮಾಸ್ತರರಿಗೆ ಓದಿ ತೋರಿಸಬೇಕೆಂಬ ಆಸೆ. ಮೊದಲು ಲಿಂಗಸುಗೂರಿನಲ್ಲಿ, ಆಮೇಲೆ ಮಸ್ಕಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದ ಅವರು ಮಗಳ ಓದಿಗಾಗಿ ಎಲ್ಲವನ್ನೂ ಬಿಟ್ಟವರು. ಆದೆಮ್ಮ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಹುಡುಗಿಯ ಹೆಸರು, ಊರು ಬಂದ ಕೂಡಲೇ ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ತಾಯಿ ಪಾರ್ವತೆಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಅದನ್ನ ಬರೀಬ್ಯಾಡ. ಬ್ಯಾರೆ ಯಾವುದಾದ್ರೂ ಹುಡುಗಂದು ಬರಿ."

"ಯಾಕವ್ವಾ?"

ತಾಯಿ ಗಂಡನ ಮುಖ ನೋಡಿದಳು. ಮಾಸ್ತರರು ಚಷ್ಮಾ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಆದಿ, ಆ ಹುಡುಗಿ ನಿನ್ನ ತಂಗಿ."

ಆದೆಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅವಳು ಹುಬ್ಬಳ್ಳಿಯಲ್ಲಿ ಮೊದಲನೇ ವರ್ಷ ಓದುವಾಗ ತಾಯಿಗೆ ಹೆಣ್ಣು ಕೂಸು ಹುಟ್ಟಿತ್ತು. ಐದು ತಿಂಗಳಿಗೆ 'ಜ್ವರ ಬಂದು ಕೂಸು ಹೋಯಿತು, ನೀನು ಬರುವುದು ಬೇಡ, ಪರೀಕ್ಷೆ ಬರೆ' ಎಂದು ಅಪ್ಪ ಕಾಗದ ಹಾಕಿದ್ದರು. ಆ ಮುದ್ದಾದ ಅಕ್ಷರಗಳು ಅವಳಿಗೆ ಇನ್ನೂ ನೆನಪಿದ್ದವು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು.

"ಸತ್ತೈತಿ ಅಂತ ನೀವ ಬರದಿದ್ರಿ, ಅಪ್ಪಾ."

"ಮೂರ್ಛೆ ಸುರು ಆಗಿತ್ತು. ಮಂದಿ ಮನಿ ಮುಂದ ಹಾಯೂದು ಬಿಟ್ರು. ಜಂಬಮ್ಮ ಲಿಂಗಸುಗೂರಾಗ ನಮ್ಮ ಮನಿ ಕೆಲಸಕ್ಕ ಬರ್ತಿದ್ಲು, ಮಕ್ಕಳಿಲ್ಲದಾಕಿ. ನಾ ಸಾಕ್ತೀನಿ ಕೊಡ್ರಿ ಅಂದ್ಲು. ಕಾಲುವಿ ನೀರು ಬಂದು ಅವರೂರಾಗ ಕೆಲಸ ಹುಟ್ಟಿತ್ತು, ಕರಕೊಂಡು ಹೋದ್ಲು." ಮಾಸ್ತರರು ಚಷ್ಮಾ ಮತ್ತೆ ಹಾಕಿಕೊಂಡರು. "ನಿನಗ ಗೊತ್ತಾದ್ರ ನೀ ಓದು ಬಿಟ್ಟು ಬರ್ತಿದ್ದಿ. ನಿನ್ನ ಸಲುವಾಗಿ ಮಾಡಿದ್ವಿ."

"ನನ್ನ ಸಲುವಾಗಿ?"

"ನೀ ಸಿಂಧನೂರಿಗೆ ಬಂದ ಮ್ಯಾಗ ನಿನ್ನ ಹತ್ರಾನ ತೋರಸು ಅಂತ ಆಕಿಗೆ ಹೇಳಿ ಕಳಿಸಿದಾಕಿ ನಾನ," ಎಂದಳು ಪಾರ್ವತೆಮ್ಮ. "ಅಕ್ಕನ ಕೈಯಾಗರ ಇರಲಿ ಅಂತ."

ಆದೆಮ್ಮ ಎದ್ದಳು. ತಟ್ಟೆಗೆ ಹಾಕಿದ್ದ ರೊಟ್ಟಿ ಮುಟ್ಟಲಿಲ್ಲ. ಸಿಂಧನೂರಿನ ಬಸ್ಸಿನಲ್ಲಿ ಕೂತಾಗ ಕೈಯಲ್ಲಿ ಅರ್ಜಿ ಇತ್ತು, ಅವಸರದಲ್ಲಿ ಮೆಟ್ಟಿದ ಚಪ್ಪಲಿ ಮಾತ್ರ ತಾಯಿಯವು.

ಅಂದೇ ಮಧ್ಯಾಹ್ನ ಅವಳು ವಳಕಮದಿನ್ನಿಗೆ ಹೋದಾಗ ಅಲ್ಲಿ ಭತ್ತದ ನಾಟಿ ನಡೆದಿತ್ತು. ಕೆಸರಿನಲ್ಲಿ ಬಗ್ಗಿದ್ದ ಹೆಂಗಸರ ಸಾಲಿನಿಂದ ಜಂಬಮ್ಮ ತಲೆಯೆತ್ತಿ, ಬದುವಿನ ಮೇಲೆ ಡಾಕ್ಟರನ್ನು ಕಂಡು, ಸಸಿಕಟ್ಟು ಕೈಬಿಟ್ಟು ಓಡಿ ಬಂದಳು. ಆದೆಮ್ಮನ ಮುಖ ನೋಡಿದ್ದೇ ಅವಳಿಗೆ ತಿಳಿದುಹೋಯಿತು.

"ಕರಕೊಂಡು ಹೋಗಾಕ ಬಂದೀರೇನ್ರಿ?"

"ಇಲ್ಲ," ಎಂದಳು ಆದೆಮ್ಮ. ತಾನು ಯಾಕೆ ಬಂದಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ.

"ನಾ ಸುಳ್ಳು ಹೇಳಲಿಲ್ರಿ. ನಾ ಹಡದಿಲ್ಲ, ಅದಕ್ಕ ಗೊತ್ತಿಲ್ಲ ಅಂದೆ. ಹೇಳಬ್ಯಾಡ ಅಂತ ನಿಮ್ಮವ್ವ ಆಣಿ ಹಾಕಿಸ್ಯಾಳ. ಅಮಾಸಿಗೊಮ್ಮೆ ಬಂದು ಮಾರಿ ನೋಡಿ ಹೋಕ್ಕಾಳ್ರಿ, ಅಷ್ಟ."

ಒಂಬತ್ತು ವರ್ಷ ಪ್ರತಿ ಅಮಾವಾಸ್ಯೆ. ಆದೆಮ್ಮ ಬದುವಿನ ಮೇಲೆ ಕೂತಳು. ಮರದ ನೆರಳಲ್ಲಿ ಬುತ್ತಿಗಂಟು ಕಾಯುತ್ತಿದ್ದ ಗ್ಯಾನಮ್ಮ ಎದ್ದು ಬಂದು, "ಡಾಕ್ಟರಮ್ಮಾ, ಇವತ್ತ ಸೂಜಿ ಐತೇನ್ರಿ?" ಎಂದು ಕೇಳಿದಳು. ಎರಡು ವರ್ಷ ರೆಪ್ಪೆ ಎತ್ತಿ ಬೆಳಕು ಬಿಟ್ಟು ಪರೀಕ್ಷಿಸಿದ ಕಣ್ಣುಗಳು. ಅವು ಅಪ್ಪನ ಕಣ್ಣುಗಳೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಆದೆಮ್ಮ ಇಲ್ಲವೆಂದು ತಲೆಯಾಡಿಸಿದಳು. ತಾನು ಅಕ್ಕ ಎಂದು ಹೇಳದೆಯೇ ಎದ್ದು ಊರಿನ ದಾರಿ ಹಿಡಿದಳು.

ಮರುದಿನ ಆ ಹಾಳೆ ಹರಿದು ಹೊಸದಾಗಿ ಬರೆದಳು. ರೋಗಿ ನನ್ನ ತಂಗಿ; ಇದು ನನಗೆ ತಿಳಿದದ್ದು ನಿನ್ನೆ; ಸಾಕಿದವಳನ್ನು ತಿಳಿವಳಿಕೆ ಇಲ್ಲದವಳೆಂದು ನಾನು ಭಾವಿಸಿದ್ದು ತಪ್ಪು; ಹೆರಿಗೆಯ ವಿವರ ಇನ್ನೂ ಸಿಕ್ಕಿಲ್ಲ. ಅಷ್ಟು ಬರೆಯಲು ಬೆಳಗಿನಿಂದ ಮಧ್ಯಾಹ್ನವಾಯಿತು. ಇಂಥ ಅರ್ಜಿಯನ್ನು ಯಾರೂ ಒಪ್ಪಲಾರರು ಎಂದುಕೊಂಡೇ ಅಂಚೆಗೆ ಹಾಕಿದಳು. ಮಸ್ಕಿಗೆ ಮಾತ್ರ ಹೋಗಲಿಲ್ಲ. ತಂದೆಯಿಂದ ಬಂದ ಎರಡು ಕಾಗದಗಳನ್ನು ಒಡೆಯಲಿಲ್ಲ.

ಏಪ್ರಿಲಿನಲ್ಲಿ ಮದ್ರಾಸಿನಿಂದ ಕರೆ ಬಂತು. ಸಂದರ್ಶನದಲ್ಲಿ ಹಿರಿಯ ಡಾಕ್ಟರೊಬ್ಬರು ಕೇಳಿದ್ದು ಒಂದೇ: "ಈಗ ಹೆರಿಗೆಯ ವಿವರ ಸಿಕ್ಕಿತೆ?"

"ಇಲ್ಲ. ನನ್ನ ತಾಯಿಯ ಜೊತೆ ನಾನಿನ್ನೂ ಮಾತಾಡಿಲ್ಲ."

"ಹೋಗಿ ಕೇಳಿ," ಎಂದರು ಅವರು.

ಆಯ್ಕೆಯ ಪತ್ರ ಮೇ ತಿಂಗಳಲ್ಲಿ ಬಂತು. ಅದು ಬಂದ ವಾರವೇ, ಆದೆಮ್ಮ ಮಸ್ಕಿಗೆ ಹೋಗಬೇಕೋ ಬೇಡವೋ ಎಂದು ಹೊಯ್ದಾಡುತ್ತಿರುವಾಗ, ಆಸ್ಪತ್ರೆಯ ಹೊರಗಿನ ಸಾಲಿನಲ್ಲಿ ಜಂಬಮ್ಮನ ಪಕ್ಕ ಪಾರ್ವತೆಮ್ಮ ನಿಂತಿದ್ದಳು. ನಡುವೆ ಗ್ಯಾನಮ್ಮ. ಚೀಟಿ ಬರೆಯುವ ಕಂಪೌಂಡರ್ ಬಂದೇಸಾಬ ಎಂದಿನಂತೆ ತಲೆಯೆತ್ತದೆ ಕೇಳಿದ.

"ಹುಡುಗಿ ತಂದಿ ಹೆಸರು?"

"ಮೈಲಾರಲಿಂಗಪ್ಪ ಮಾಸ್ತರ, ಮಸ್ಕಿ," ಎಂದಳು ಪಾರ್ವತೆಮ್ಮ. ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. "ಹಡದಾಕಿ ನಾನು. ಸಾಕಿದಾಕಿ ಈಕಿ. ಇಬ್ಬರ ಹೆಸರೂ ಬರಕೊ."

ಬಂದೇಸಾಬ ಪೆನ್ನು ಹಿಡಿದುಕೊಂಡೇ ಒಳಗೆ ಡಾಕ್ಟರ ಕಡೆ ತಿರುಗಿದ. ಆದೆಮ್ಮ ಎದ್ದು, ತನ್ನ ಕುರ್ಚಿಯನ್ನೇ ತಾಯಿಯ ಕಡೆಗೆ ಎಳೆದಳು.

"ಕೂಡವ್ವಾ. ಹೆರಿಗಿ ಎಷ್ಟೊತ್ತು ಆತು, ಹೇಳು."

"ಎರಡು ದಿನ," ಎಂದಳು ಪಾರ್ವತೆಮ್ಮ, ಕೂಡದೆಯೇ. "ಕೂಸು ನೀಲಿಗಟ್ಟಿತ್ತು. ಅಳಲೇ ಇಲ್ಲ."