ಎಣ್ಣೆಬಟ್ಟೆ ತಾಗಿದ ಹಲ್ಲಿನ ಸೆಟ್ಟು

ಕಟ್ಟಿಸಿದ ಹಲ್ಲು ಬಾಯಲ್ಲಿರುವುದಕ್ಕಿಂತ ಜೇಬಿನಲ್ಲೇ ಹೆಚ್ಚು ಹೊತ್ತು ಇರುವವರು ನಿಮ್ಮ ಬೀದಿಯಲ್ಲೂ ಒಬ್ಬಿಬ್ಬರು ಇದ್ದಾರು. ಈ ಬೀದಿಯಲ್ಲಿ ಆ ಮಹಾನುಭಾವರು ಸೈಕಲ್ ಶಾಪಿನ ಪಂಚರ್ ಮಾವ.

ಸೆಟ್ಟು ಕಟ್ಟಿಸಿ ಆರು ವರ್ಷವಾಗಿತ್ತು. ವಸಡು ಸವೆದು ಕೆಳಗಿನ ಸೆಟ್ಟು ಸಡಿಲವಾಗಿತ್ತು. ಮಾತಾಡಿದರೆ ಕಟಕಟ, ಸೀನಿದರೆ ಅಂಗೈಗೆ. ಒಂದು ದಿನ ಗಿರಾಕಿಯ ಎದುರೇ ಟ್ಯೂಬು ಅದ್ದುವ ನೀರಿನ ತೊಟ್ಟಿಗೆ ಬಿತ್ತು. ಅಂದಿನಿಂದ ಮಾವ ಮೌನಿ. ಊಟಕ್ಕೂ ಹೆಂಡತಿಯ ಜೊತೆ ಕೂರುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಗಂಜಿ ಕುಡಿದು ಎದ್ದುಬಿಡುತ್ತಿದ್ದರು. ಎರಡೇ ತಿಂಗಳಲ್ಲಿ ಇಳಿದುಹೋದರು.

ಅಂಗಡಿಯಿಂದ ಸೆಟ್ಟು ಬಿಗಿಮಾಡುವ ಮೆತ್ತನೆ ಪೇಸ್ಟು ತಂದು ಸೆಟ್ಟಿನ ಒಳಮೈಗೆ ತಾವೇ ಲೈನಿಂಗ್, ಅಂದರೆ ವಸಡಿಗೆ ಒತ್ತಿ ಕೂರುವ ಪದರ, ಹಾಕಿಕೊಂಡದ್ದೂ ಆಯಿತು. ಐದನೇ ದಿನಕ್ಕೆ ಅದು ಸಿಪ್ಪೆಯ ಹಾಗೆ ಎದ್ದು ಬಂತು. ಸಂದಿಯಲ್ಲಿ ಅನ್ನ ಸಿಕ್ಕಿ ನಾರಿತು, ವಸಡು ಹುಣ್ಣಾಯಿತು.

ಒಂದು ಮಧ್ಯಾಹ್ನ ಪಂಚರಾದ ಸೈಕಲ್ ತಳ್ಳಿಕೊಂಡು ಬಂದವಳು ಹಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಸೆಟ್ಟು ತಯಾರಿಸುವ ಹುಡುಗಿ. ಮಾವನ ಒಂದು ಕೈಯಲ್ಲಿ ಸೆಟ್ಟು, ಇನ್ನೊಂದರಲ್ಲಿ ಪಂಚರ್ ಅಂಟಿಸುವ ರಬ್ಬರ್ ಸಲ್ಯೂಷನ್.

"ಅಯ್ಯೋ ಮಾವ, ಏನ್ ಮಾಡ್ತಿದ್ದೀರಾ?"

"ಈ ಲೈನಿಂಗ್ ಗೀನಿಂಗ್ ಎಲ್ಲ ಬರೀ ಬುರುಡೆ ಕಣಮ್ಮ, ನಿಲ್ಲಲ್ಲ. ನಾನೇ ಅಂಟಿಸ್ತೀನಿ. ನಲವತ್ತು ವರ್ಷ ಅಂಟಿಸಿದ ಕೈ ಇದು."

"ಮೊದಲು ಆ ಸಲ್ಯೂಷನ್ ಕೆಳಗಿಡಿ. ಬಾಯಿಗೆ ಹೋಗೋ ವಸ್ತುವಾ ಅದು?" ಹುಡುಗಿ ಸೆಟ್ಟನ್ನು ತಿರುಗಿಸಿ ನೋಡಿದಳು. "ಪೇಸ್ಟ್ ಹಚ್ಚೋ ಮುಂಚೆ ಇದನ್ನ ಯಾವುದರಲ್ಲಿ ಒರೆಸಿದ್ರಿ?"

ಮಾವ ಹೆಗಲ ಮೇಲಿನ ಬಟ್ಟೆ ತೋರಿಸಿದರು. ಚೈನು ಒರೆಸಿ ಒರೆಸಿ ಕಪ್ಪಾದ ಎಣ್ಣೆಬಟ್ಟೆ.

"ಎಣ್ಣೆ ತಾಗಿದ ಟ್ಯೂಬಿಗೆ ಪ್ಯಾಚ್ ಹಾಕ್ತೀರಾ?"

"ನನಗೇನು ತಲೆ ಕೆಟ್ಟಿದೆಯಾ? ಮೊದಲು ಉಜ್ಜಬೇಕು, ಚೆನ್ನಾಗಿ ಒರೆಸಬೇಕು, ಸಲ್ಯೂಷನ್ ಹಚ್ಚಿ ಆರೋಕೆ ಬಿಡಬೇಕು, ಆಮೇಲೆ..." ಮಾವ ಬಟ್ಟೆಯನ್ನೂ ಸೆಟ್ಟನ್ನೂ ನೋಡಿದರು. ಮುಖ ಸಪ್ಪಗಾಯಿತು.

"ಇದೂ ಅಷ್ಟೇ ಮಾವ. ಎಣ್ಣೆ, ಎಂಜಲು, ಹಳೇ ಪೇಸ್ಟು ಇದ್ರೆ ಹೊಸ ಪದರ ಹಿಡಿಯಲ್ಲ. ನಾವು ಒಳಮೈ ಹದವಾಗಿ ಉಜ್ಜಿ, ತೊಳೆದು ಒಣಗಿಸಿ, ಆ ಲೈನಿಂಗಿಗೆ ಹೊಂದೋ ದ್ರವ ಹಚ್ಚಿ ಆಮೇಲೆ ಹಾಕ್ತೀವಿ. ಎಲ್ಲ ಲೈನಿಂಗೂ ಎಲ್ಲ ಸೆಟ್ಟಿಗೂ ಒಂದೇ ಥರ ಕಚ್ಚಲ್ಲ. ನಿಮ್ಮದಕ್ಕೆ ಯಾವುದು ಅಂತ ಡಾಕ್ಟರು ನೋಡಿ ಹೇಳ್ತಾರೆ. ಮನೇಲಿ ಏನು ಹಚ್ಚಿದ್ರಿ ಅನ್ನೋದನ್ನ ಮಾತ್ರ ಮುಚ್ಚಿಡಬೇಡಿ."

"ಹೇಳಿದ್ರೆ ಬೈತಾರೆ."

"ಬೈದ್ರೆ ಬೈಸ್ಕೊಳ್ಳಿ!" ಶಾಪಿನ ಹಿಂದಿನ ಮನೆಯಿಂದ ಹೆಂಡತಿ ಬಂದರು. "ಊರಿನ ಚಕ್ರಕ್ಕೆಲ್ಲ ಅಷ್ಟು ಉಪಚಾರ, ಸ್ವಂತ ಬಾಯಿಗೆ ಎಣ್ಣೆಬಟ್ಟೆ! ನಿಮ್ಮ ಬೆನ್ನು ನೋಡ್ಕೊಂಡು ಊಟ ಮಾಡಿ ನನಗೆ ಸಾಕಾಗಿದೆ ಕಣ್ರೀ."

ಆ ಕೊನೆಯ ಮಾತು ಮಾವನ ಕರುಳಿಗೆ ತಾಗಿತು. ಮರುದಿನವೇ ಆಸ್ಪತ್ರೆಗೆ ಹೋಗಿ ಎಲ್ಲ ಒಪ್ಪಿಸಿದರು. ಡಾಕ್ಟರು ಬೈಯಲಿಲ್ಲ, ನಕ್ಕರು. ಹುಣ್ಣು ಮಾಯುವವರೆಗೆ ಸೆಟ್ಟು ಹಾಕಬೇಡಿ ಎಂದರು. ಅದು ಮಾಯ್ದ ಮೇಲೆ ವಸಡಿನ ಅಚ್ಚು ತೆಗೆದರು. ಲ್ಯಾಬಿನ ಹುಡುಗಿ ಹಳೆಯ ಪದರ ಕೆರೆದು ಹೊಸದು ಹಾಕುವಾಗ ಮಾವ ಬಾಗಿಲಲ್ಲೇ ನಿಂತಿದ್ದರು.

"ಆ ದ್ರವ ಇನ್ನೂ ಸ್ವಲ್ಪ ಆರಲಮ್ಮ."

"ಮಾವ, ನಿಮ್ಮ ಶಾಪಿಗೆ ಬಂದು ನಾನು ಹೀಗೆ ತಲೆ ತಿಂತೀನಾ?"

ಅಂದು ಊಟದ ಹೊತ್ತಿಗೆ ಮಾವ ತಟ್ಟೆ ಹಿಡಿದು ಹೆಂಡತಿಯ ಎದುರಿಗೆ ಬಂದು ಕೂತರು. ಸೌತೆಕಾಯಿ ಹೋಳನ್ನು ಅಂಜುತ್ತಲೇ ಕಚ್ಚಿದರು. ಕರುಂ ಎಂದಿತು. ಸೆಟ್ಟು ಅಲುಗಲಿಲ್ಲ.

"ನಿಂತಿದೆ ಕಣೇ!"

ಹೆಂಡತಿ ಕಣ್ಣೊರೆಸಿಕೊಂಡು ತಮ್ಮ ತಟ್ಟೆಯ ಹೋಳುಗಳನ್ನೂ ಅವರ ತಟ್ಟೆಗೆ ಹಾಕಿದರು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಸೆಟ್ಟು ಸಡಿಲವಾಯಿತೇ? ಲೈನಿಂಗಿನ ಅಂಚು ಎದ್ದಿದೆಯೇ? ಮನೆಯ ಗೋಂದು ಮುಟ್ಟಬೇಡಿ, ಕುದಿಯುವ ನೀರಿಗೆ ಹಾಕಬೇಡಿ. ಮೆತ್ತನೆ ಬ್ರಷ್ಷಿನಲ್ಲಿ ತಣ್ಣೀರಲ್ಲಿ ತೊಳೆದು ಹಲ್ಲಿನ ಡಾಕ್ಟರ ಹತ್ತಿರ ಒಯ್ಯಿರಿ, ಏನೇನು ಹಚ್ಚಿದ್ದೀರೋ ಎಲ್ಲ ಹೇಳಿ. ನಿಮ್ಮ ಮನೆಯಲ್ಲಿ ಯಾರಾದರೂ ಹಲ್ಲಿನ ನಾಚಿಕೆಗೆ ಒಬ್ಬರೇ ಉಣ್ಣುತ್ತಿದ್ದರೆ ಅವರಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಇವತ್ತೇ ನೀವೇ ಹೋಗಿ ಕೇಳಿ.