ಮುಂಗಡ ಸ್ತೋತ್ರ

ಭಾನುವಾರದ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಕಾರ್ಯದರ್ಶಿ ಮೋಹನ್ ಕುಮಾರ್ ಅಂಕಲ್ ಪ್ರಕಟಣೆ ಓದುತ್ತಾರೆ. ಆ ಹೊತ್ತಿಗೆ ಯಾರ ಕಿವಿಯೂ ಅಲ್ಲಿರುವುದಿಲ್ಲ. ಎಲ್ಲರ ಮನಸ್ಸೂ ಹೊರಗೆ ಬಿಟ್ಟ ಚಪ್ಪಲಿಯ ಮೇಲಿರುತ್ತದೆ. ನಾನಂತೂ ಕಿಟಕಿಯಾಚೆಯ ಮೋಡವೊಂದಕ್ಕೆ ಕಣ್ಣು ಮೂಗು ಇಡುತ್ತ ಕೂತಿದ್ದೆ.

"ಬರುವ ಶನಿವಾರ ಸಂಜೆ, ಹೆಗ್ಗನಹಳ್ಳಿಯ ರಾಹೇಲವ್ವನವರ ಮನೆಯಲ್ಲಿ ಕೃತಜ್ಞತಾ ಕೂಟ. ಅವರ ಸೊಸೆ ಪ್ರೇಮಲತಾ ಸಿಸ್ಟರ್‌ಗೆ ದೇವರು ಧ್ವನಿ ವಾಪಸ್ ಕೊಟ್ಟಿದ್ದಕ್ಕಾಗಿ. ಎಲ್ಲರೂ ಬನ್ನಿ, ಊಟ ಇದೆ."

ಊಟ ಎಂದ ಕೂಡಲೇ ಎಲ್ಲರ ಕಿವಿಯೂ ವಾಪಸ್ ಬಂತು. "ಸ್ತೋತ್ರ! ಸ್ತೋತ್ರ!" ಎಂದು ಹಿಂದಿನಿಂದ ಯಾರೋ ದೇವರಿಗೆ ವಂದನೆ ಕೂಗಿದರು. ನನ್ನ ಮೋಡ ಮಾತ್ರ ಚೂರುಚೂರಾಯಿತು.

ರಾಹೇಲವ್ವ ನನ್ನ ಅಜ್ಜಿ. ಪ್ರೇಮಲತಾ ನನ್ನ ಅಮ್ಮ. ಅಮ್ಮನಿಗೆ ಧ್ವನಿ ಬಂದಿರಲಿಲ್ಲ.

ಥೈರಾಯ್ಡ್ ಆಪರೇಷನ್ ಆದ ಮೇಲೆ ಅವಳ ಗಂಟಲಿನಲ್ಲಿ ಉಳಿದದ್ದು ಗಾಳಿ ತುಂಬಿದ ಒಂದು ಪಿಸುದನಿ, ಅಷ್ಟೇ. ಬರಬಹುದು, ತಿಂಗಳುಗಳೇ ಹಿಡಿಯಬಹುದು, ಬಾರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಅಮ್ಮ ಬಸವೇಶ್ವರನಗರದ ಒಂದು ಶಾಲೆಯಲ್ಲಿ ಒಂದನೇ ಕ್ಲಾಸಿನ ಮಿಸ್. ಧ್ವನಿ ಬಂದರೆ ಜೂನ್‌ಗೆ ಬನ್ನಿ ಎಂದು ಶಾಲೆಯವರು ಕಳಿಸಿದ್ದರು. ನಮ್ಮ ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವಳೂ ಅವಳೇ. ಈಗ ಅವಳು ಸಭೆಗೂ ಬರುತ್ತಿರಲಿಲ್ಲ.

ದಾರಿಯಲ್ಲಿ ಅಜ್ಜಿಯನ್ನು ಹಿಡಿದು ನಿಲ್ಲಿಸಿದೆ. "ಅಜ್ಜಿ, ಅಮ್ಮಂಗೆ ಧ್ವನಿ ಎಲ್ಲಿ ಬಂದಿದೆ?"

"ಬರತೈತಿ. ಶನಿವಾರದ ಮಟಾ ಟೈಮ್ ಐತಲ್ಲ."

"ಶನಿವಾರ ಅಂತ ದೇವರು ಹೇಳಿದ್ನಾ?"

"ಅಂವ ಹೇಳಿಲ್ಲ. ನಾ ಹೇಳೀನಿ," ಎಂದು ಅಜ್ಜಿ ಸೆರಗು ಸರಿಮಾಡಿಕೊಂಡಳು. "ಮಿಕ್ಸಿ ರಿಪೇರಿಯಂವ ಶನಿವಾರ ಬಾ ಅಂದ್ರ ನಂಬ್ತೀರಿ. ದೇವರನ್ನ ನಂಬಾಕ ನಿಮಗೇನ ಆಗೇತಿ?"

ನಾನು ಈ ಅಜ್ಜಿಯ ಕಥೆಗಳ ಮೇಲೆಯೇ ಬೆಳೆದವಳು. ಬೆಟಗೇರಿಯಿಂದ ಬರುವಾಗ ಅವಳು ತಂದದ್ದು ಒಂದು ಟ್ರಂಕು ಮತ್ತು ಆ ಕಥೆಗಳು. ಅವಳ ಕಥೆಯಲ್ಲಿ ಹಳ್ಳದ ದಂಡೆಯಲ್ಲಿ ಹಸಿದು ಕೂತ ಪ್ರವಾದಿಗೆ ಕಾಗೆಗಳು ರೊಟ್ಟಿಯ ಜೊತೆ ಶೇಂಗಾ ಚಟ್ನಿಯನ್ನೂ ತರುತ್ತಿದ್ದವು. ಗವಿಯ ಸಿಂಹಗಳು ಭಕ್ತನನ್ನು ಏಕೆ ಮುಟ್ಟಲಿಲ್ಲವೆಂದರೆ, ಅವನು ರಾತ್ರಿಯಿಡೀ ಅವುಗಳ ತಲೆಯ ಹೇನು ನೋಡುತ್ತ ಕೂತಿದ್ದ. ಡಿಗ್ರಿ ಓದುತ್ತಿದ್ದರೂ ಇವನ್ನೆಲ್ಲ ಒಳಗೊಳಗೇ ನಂಬುವವಳು ನಾನು. ಆದ್ದರಿಂದ ಮನೆ ಮುಟ್ಟುವಷ್ಟರಲ್ಲಿ ಶನಿವಾರದ ಸಂಜೆ ನನ್ನ ಕಣ್ಣೆದುರು ಸಿದ್ಧವಾಗಿತ್ತು: ಅಮ್ಮ ಬಾಗಿಲಲ್ಲಿ ನಿಲ್ಲುತ್ತಾಳೆ, ಬಾಯಿ ತೆರೆಯುತ್ತಾಳೆ, ಹಾಡು ಮಾಗಡಿ ರೋಡಿನವರೆಗೂ ಹರಿಯುತ್ತದೆ, ಬಸ್ಸುಗಳು ಹಾರ್ನ್ ನಿಲ್ಲಿಸುತ್ತವೆ.

ಅಮ್ಮ ಬಾಯಿ ತೆರೆದದ್ದು ಬೈಯಲಿಕ್ಕೆ. ಪಿಸುದನಿಯಲ್ಲಿ ಬೈಯುವುದು ಎಷ್ಟು ಕಷ್ಟವೆಂದು ಅವತ್ತೇ ನಾನು ಕಂಡದ್ದು. ಸಿಟ್ಟೆಲ್ಲ ಕಣ್ಣಿನಿಂದ ಬರುತ್ತಿತ್ತು, ಮಾತು ಮಾತ್ರ ಗುಟ್ಟು ಹೇಳಿದ ಹಾಗೆ.

"ಅತ್ತೀ, ಕೇಳದ ಹೆಂಗ ಕರದ್ರಿ?"

"ಏನಂದಿ?" ಅಜ್ಜಿ ಕಿವಿಗೆ ಕೈ ಹಿಡಿದಳು.

ಅಮ್ಮ ಸೌಟಿನಿಂದ ಪಾತ್ರೆಗೆ ಹೊಡೆದಳು. ಅದು ಚೆನ್ನಾಗಿ ಕೇಳಿಸಿತು. ಅಪ್ಪ ಪೇಪರಿನ ಹಿಂದೆ ಇನ್ನಷ್ಟು ಸಣ್ಣಗಾಗಿ, "ಶನಿವಾರ ನನಗ ಓವರ್‌ಟೈಮ್ ಇರಬೇಕು ಅನಸ್ತೈತಿ," ಎಂದ. ಪೀಣ್ಯದ ಅವನ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ನಿಂತು ವರ್ಷವಾಗಿತ್ತು.

ಸಂಜೆ ಟೆರೇಸಿನಲ್ಲಿ ಬಟ್ಟೆ ತೆಗೆಯುವಾಗ ಅಮ್ಮನ ಹತ್ತಿರ ಹೋದೆ. "ಮೋಹನ್ ಅಂಕಲ್‌ಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿಸ್ಲಾ?"

ಬೇಡವೆಂದು ತಲೆಯಾಡಿಸಿದಳು. "ಅವ್ರಿಗೆ ಅವಮಾನ ಆಗತೈತಿ. ವಯಸ್ಸಾದವರು." ಕೊನೆಯ ಬಟ್ಟೆಯನ್ನೂ ಮಡಿಸಿಟ್ಟಳು. "ಚೇತನಾ, ನಾನು ಪ್ರಾರ್ಥನಿ ಬಿಟ್ಟೀನಿ. ಇಷ್ಟ ಸಣ್ಣ ದನಿ ಅಷ್ಟ ಮ್ಯಾಲ ಹೋಗಂಗಿಲ್ಲ."

ಅಷ್ಟು ಹೇಳಿ ಬಟ್ಟೆಯ ಗಂಟು ಹೊತ್ತು ಇಳಿದು ಹೋದಳು. ಧ್ವನಿಗಿಂತ ದೊಡ್ಡದೇನೋ ಅಮ್ಮನಿಂದ ಹೋಗಿದೆಯೆಂದು ನನಗೆ ಆಗ ತಿಳಿಯಿತು. ಅದಕ್ಕೆ ಯಾವ ಡಾಕ್ಟರ ಹತ್ತಿರ ಹೋಗುವುದೋ ಗೊತ್ತಾಗಲಿಲ್ಲ.

ಶನಿವಾರ ಬೆಳಗ್ಗೆ ಅಜ್ಜಿ ಹುಗ್ಗಿಗೆ ನೆನೆಹಾಕಿದ ಗೋಧಿಯ ಮುಂದೆ ಅಮ್ಮನನ್ನು ಕೂರಿಸಿಕೊಂಡಳು. "ಎಲ್ಲಿ, ಒಮ್ಮೆ ಆ ಅನ್ನು."

ಅಮ್ಮ "ಆ" ಎಂದಳು. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗಾಯಿತು.

"ಸಂಜೀಕ ಬಿಡು," ಎಂದಳು ಅಜ್ಜಿ. ಆದರೆ ಎದ್ದು ಕೆಳಗೆ ಹಿತ್ತಲ ನಲ್ಲಿಯ ಹತ್ತಿರ ಹೋದವಳು ಬಹಳ ಹೊತ್ತು ಬರಲಿಲ್ಲ. ನೋಡಿದರೆ, ಕೊಡ ತುಂಬಿ ನೀರು ಚೆಲ್ಲುತ್ತಿತ್ತು, ಅವಳು ಸುಮ್ಮನೆ ನಿಂತಿದ್ದಳು.

"ಹೆದರಿಕೆ ಆಗ್ತಿದೆಯಾ ಅಜ್ಜಿ?"

"ಆಗದ ಏನ? ಸಿಂಹದ ಗವಿಯಾಗಿದ್ದಂವಗೂ ಆಗಿರತೈತಿ. ಕಥಿ ಹೇಳುವಾಗ ಅದನ್ನ ಬಿಟ್ಟ ಹೇಳ್ತೀನಿ ಅಷ್ಟ. ನಲ್ಲಿ ಬಂದ್ ಮಾಡು."

ಸಂಜೆಗೆ ನಮ್ಮ ಮೆಟ್ಟಿಲ ತುಂಬ ಚಪ್ಪಲಿ. ಕೆಳಗಿನ ಮನೆಯ ಓನರ್ ಕಲ್ಯಾಣಮ್ಮ ಆಂಟಿ ಪ್ಲಾಸ್ಟಿಕ್ ಕುರ್ಚಿಗಳನ್ನು ತಾವೇ ಹೊತ್ತು ತಂದರು. "ಪ್ರಾರ್ಥನೆ ನಿಮ್ದು, ಕುರ್ಚಿ ನಮ್ದು. ಹುಗ್ಗಿ ಇದೆಯಂತಲ್ಲ, ನಾನೂ ಕೂರ್ತೀನಮ್ಮ," ಎಂದು ಗೋಡೆಗೊರಗಿ ಕೂತರು. ಅಪ್ಪ ಚಾಪೆ ಹಾಸಿದ. ಓವರ್‌ಟೈಮಿಗೆ ಹೋಗುವ ಧೈರ್ಯವೂ ಅವನಿಗಿರಲಿಲ್ಲ. ಅಮ್ಮ ಮಾತ್ರ ಅಡುಗೆಮನೆಯಲ್ಲಿ ಮಿರ್ಚಿ ಬಜ್ಜಿ ಕರಿಯುತ್ತ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು.

"ಪ್ರೇಮಲತಾ ಸಿಸ್ಟರ್ ಎಲ್ಲಿ? ಒಂದೆರಡು ಮಾತಾಡ್ಲಿ, ಕೇಳೋಣ!" ಎಂದರು ಮೋಹನ್ ಕುಮಾರ್ ಅಂಕಲ್.

ಅಜ್ಜಿ ಎದ್ದು ನಿಂತಳು. ಗೋಡೆ ಹಿಡಿದುಕೊಂಡಳು. "ಪಾಸ್ಟರ್, ಎಲ್ಲಾರೂ ಕೇಳ್ರಿ. ದನಿ ಬಂದಿಲ್ಲ. ನಾ ಮುಂಗಡ ಕರದೀನಿ."

ಎಣ್ಣೆಯ ಚುರ್ ಸದ್ದೊಂದೇ ಕೇಳುತ್ತಿತ್ತು. ನಮ್ಮ ಪಾಸ್ಟರ್ ಕೆಮ್ಮಿದರು. "ಅಂದ್ರೆ... ಅಡ್ವಾನ್ಸ್ ಬುಕಿಂಗಾ ಅಜ್ಜಿ?"

"ಹೂಂ ಅಂತೀನಿ. ತಪ್ಪಾತೇನ್ರಿ?"

ಪಾಸ್ಟರ್ ನಗು ತಡೆಯಲಾರದೆ ತಲೆ ತಗ್ಗಿಸಿದರು. "ನನ್ನ ಇಷ್ಟು ವರ್ಷದ ಸೇವೆಯಲ್ಲಿ ಯಾರೂ ಹೀಗೆ ಕರ್ದಿಲ್ಲ. ತಪ್ಪು ಅನ್ನೋಕೂ ಬಾಯಿ ಬರ್ತಿಲ್ಲ. ಹೇಗೂ ಬಂದಿದೀವಿ, ಹಾಡೋಣ. ಮೋಹನ್, ಎತ್ತಿ."

ಮೋಹನ್ ಕುಮಾರ್ ಅಂಕಲ್ ಎತ್ತಿದರು. ಎಷ್ಟು ಮೇಲಕ್ಕೆ ಎತ್ತಿದರೆಂದರೆ, ಎರಡನೇ ಸಾಲಿಗೆ ಬರುವಷ್ಟರಲ್ಲಿ ಗಂಡಸರು ಕೈಬಿಟ್ಟರು, ಹೆಂಗಸರು ಕೀರಲಾದರು, ಮೂರನೇ ಸಾಲಿನಲ್ಲಿ ಅಂಕಲ್ ಒಬ್ಬರೇ ಉಳಿದು ಅವರದ್ದೂ ಒಡೆಯಿತು. "ಅಯ್ಯೋ, ಯಾರಾದ್ರೂ ಇಳಿಸ್ರೀ ಅವರನ್ನ!" ಎಂದರು ಕಲ್ಯಾಣಮ್ಮ ಆಂಟಿ. ಎಲ್ಲರೂ ಗೊಳ್ಳೆಂದರು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬೆರಳಿಗೆಲ್ಲ ಕಡಲೆಹಿಟ್ಟು. ಒಂದನೇ ಕ್ಲಾಸಿನ ಗದ್ದಲವನ್ನು ನಿಲ್ಲಿಸುವ ಅವಳ ಆ ನೋಟ ಎಲ್ಲರ ಮೇಲೂ ಹಾಯಿತು. ಎಲ್ಲರೂ ಮಕ್ಕಳ ಹಾಗೆ ಬಾಯಿ ಮುಚ್ಚಿದರು. ಅವಳು ಅಂಗೈ ಕೆಳಗೆ ಮಾಡಿ ನಿಧಾನವಾಗಿ ಇಳಿಸಿದಳು. ಅಂಕಲ್ ಗುನುಗಿದರು, ಇನ್ನೂ ಕೆಳಗೆ ಎಂದಳು. ಇನ್ನೂ. ಸರಿ, ಅಲ್ಲೇ. ಹಿಟ್ಟಿನ ಕೈಯಲ್ಲೇ ತಾಳ ಹಾಕಿದಳು.

ಹಾಡು ಎದ್ದಿತು. ಅವಳ ಕೈ ಏರಿದಲ್ಲಿ ಏರಿತು, ಇಳಿದಲ್ಲಿ ಇಳಿಯಿತು. ಹಿಂದೆ ಅಮ್ಮ ಹಾಡುವಾಗ ನಾವೆಲ್ಲ ಅವಳ ಧ್ವನಿಯ ನೆರಳಲ್ಲಿ ಗುನುಗುತ್ತಿದ್ದೆವು. ಇವತ್ತು ಯಾರಿಗೂ ಅಡಗಲು ಜಾಗವಿರಲಿಲ್ಲ. ಅಪ್ಪನೂ ಹಾಡಿದ. ಅವನಿಗೆ ಹಾಡು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಹಾಡು ಮುಗಿದ ಮೇಲೂ ಅಮ್ಮ ಒಳಗೆ ಹೋಗಲಿಲ್ಲ. ಅಲ್ಲೇ ಹೊಸ್ತಿಲಲ್ಲಿ ಮೊಣಕಾಲೂರಿದಳು. ತುಟಿ ಅಲುಗಿತು.

"ಏನಂತಾರೆ?" ಎಂದು ಹಿಂದಿನವರು ಮುಂದೆ ಬಗ್ಗಿದರು. ಕಲ್ಯಾಣಮ್ಮ ಆಂಟಿ ಎದ್ದು ಫ್ಯಾನ್ ಆರಿಸಿದರು. ಆಮೇಲೆ ಕಿಟಕಿಯಿಂದ ತಲೆ ಹಾಕಿ, "ಏ, ಆ ಟಿವಿ ಆಫ್ ಮಾಡ್ರೋ!" ಎಂದು ಕೆಳಗಿನ ತಮ್ಮ ಮನೆಗೇ ಕೂಗಿದರು. ಯಾರೋ ಬಳೆ ಸದ್ದಾಗದಂತೆ ಹಿಡಿದುಕೊಂಡರು. ಅಷ್ಟು ಜನರಿದ್ದ ಮನೆ ಅಷ್ಟು ಮೌನವಾದದ್ದನ್ನು ನಾನು ಹಿಂದೆ ಕಂಡಿಲ್ಲ. ಆ ಮೌನದಲ್ಲಿ ಅಮ್ಮನ ಪಿಸುದನಿ ಕೊನೆಯ ಕುರ್ಚಿಯವರೆಗೂ ನಡೆದುಹೋಯಿತು.

"ಸ್ವಾಮಿ, ನಿನ್ನ ಮ್ಯಾಲ ನನಗ ಸಿಟ್ಟೈತಿ. ಇಷ್ಟು ದಿವ್ಸ ಮಾತಾಡಿಲ್ಲ. ನನ್ನ ದನಿ ನಿನಗ ಕೇಳಂಗಿಲ್ಲ ಅನ್ಕೊಂಡಿದ್ದೆ. ಈ ಮಂದಿ ಇಷ್ಟು ಸುಮ್ಮನಾಗಿ ಕೇಳಾಕ ಹತ್ಯಾರ. ನೀನು ಇವರಕಿಂತ ಕಿವುಡ ಅಲ್ಲ. ಜೂನಿಗೆ ಏನಾಗತೈತೋ ಗೊತ್ತಿಲ್ಲ. ಹೆದರಿಕಿ ಐತಿ. ಅದನ್ನೂ ನಿನ್ನ ಕೈಯಾಗ ಕೊಡ್ತೀನಿ, ಇಟ್ಕೋ. ನೀನು ಬಿಟ್ಟು ಹೋಗಿಲ್ಲಲ್ಲ, ಅದಕ್ಕ ಸ್ತೋತ್ರ."

"ಆಮೆನ್" ಎಂದರು ಎಲ್ಲರೂ. ಪಿಸುದನಿಯಲ್ಲೇ.

ಬಜ್ಜಿಯ ಒಂದು ಒಬ್ಬೆ ಪೂರ್ತಿ ಕರಕಲಾಗಿತ್ತು. ಹುಗ್ಗಿ ಮಾತ್ರ ತಳ ಕಾಣುವವರೆಗೂ ಖಾಲಿಯಾಯಿತು. ಹೊರಡುವಾಗ ಮೋಹನ್ ಕುಮಾರ್ ಅಂಕಲ್, "ನಾಳೆ ಬಂದು ನನ್ನನ್ನ ಇಳಿಸ್ತೀರಲ್ಲ ಸಿಸ್ಟರ್?" ಎಂದರು. ಅಮ್ಮ ನಕ್ಕು ಹೂಂ ಎಂದು ತಲೆಯಾಡಿಸಿದಳು.

ಎಲ್ಲರೂ ಹೋದ ಮೇಲೆ ಅತ್ತೆ ಸೊಸೆ ಪಾತ್ರೆಯ ರಾಶಿಯ ಮುಂದೆ ಕೂತರು.

"ಅತ್ತೀ, ಇನ್ನೊಮ್ಮೆ ನನ್ನ ಕೇಳಲಾರದ ಯಾರನ್ನೂ ಕರೀಬ್ಯಾಡ್ರಿ," ಎಂದಳು ಅಮ್ಮ.

"ಆತು, ತಪ್ಪಾತು." ಅಜ್ಜಿ ತಟ್ಟೆಯೊಂದನ್ನು ತಿಕ್ಕಿದಳು. ಸುಮ್ಮನಿರಲಾಗಲಿಲ್ಲ. "ಖರೇನ ದನಿ ಬಂದ ದಿವ್ಸ ಮತ್ತ ಕರೀಬೇಕಾಗತೈತಲ್ಲ? ಅದಕ್ಕರ ಈಗ ಕೇಳಿ ಇಟ್ಕೋತೀನಿ."

ಅಮ್ಮ ಕೈ ನಿಲ್ಲಿಸಿ ಯೋಚಿಸಿದಳು.

"ಕರೀರಿ," ಎಂದಳು. "ಅವತ್ತ ಹುಗ್ಗಿಗೆ ಬೆಲ್ಲ ಇನ್ನೊಂದೀಟು ಜಾಸ್ತಿ ಹಾಕೂಣು. ಇವತ್ತು ಸಪ್ಪಗಾಗಿತ್ತು."